ಆರಡಿ ಕೊಳಕ್ಕೆ ಹನ್ನೆರಡು ಅಡಿಯ ಎರೆ

ಅಮೆರಿಕದ ಹೊಲಗಳ ನಡುವಿನ ಸಣ್ಣ ಕೊಳಗಳಲ್ಲಿ ಬಾಸ್ ಮೀನಿಗೆ ಗಾಳ ಹಾಕುವವರು ಕೇಳುವ ಬುದ್ಧಿವಾದ ಒಂದುಂಟು: 12 ಅಡಿ ಆಳಕ್ಕಿಳಿಯುವ ಕ್ರ್ಯಾಂಕ್‌ಬೈಟ್ ಜಲಾಶಯಕ್ಕೆ ಸರಿ, 6 ಅಡಿ ನೀರಿಗೆ ಬೇಡ. ನಾನು ಒಪ್ಪುವುದಿಲ್ಲ.

ಕ್ರ್ಯಾಂಕ್‌ಬೈಟ್ ಮೀನಿನಾಕಾರದ ಕೃತಕ ಎರೆ. ಸಾಮಾನ್ಯವಾಗಿ ತೇಲುತ್ತದೆ, ದಾರ ಸುತ್ತಿದಾಗ ಮೂತಿಯ ಅಗಲ ತುಟಿ ನೀರನ್ನೊತ್ತಿ ಅದನ್ನು ಕೆಳಗಿಳಿಸುತ್ತದೆ. ಕೊಳದಲ್ಲಿ ಆ ತುಟಿ ತಳ ಗೀರಿ ಕೆಸರೆಬ್ಬಿಸುತ್ತದೆ, ಕೊರಡಿಗೆ ಬಡಿದು ಪಕ್ಕಕ್ಕೆ ಜಿಗಿಯುತ್ತದೆ. ಹಸಿವಿಲ್ಲದ ಬಾಸ್ ಕೂಡ ಆ ಜಿಗಿತಕ್ಕೆ ಬಾಯಿ ಹಾಕುವುದುಂಟು. ಎರೆ ಸಿಕ್ಕಿಕೊಂಡರೆ ದಾರ ಸಡಿಲಿಸಿ. ಎಷ್ಟೋ ಸಲ ತಾನೇ ಬಿಡಿಸಿಕೊಂಡು ಮೇಲೇಳುತ್ತದೆ. ಜೊಂಡು, ಪಾಚಿ ದಟ್ಟವಾಗಿದ್ದಲ್ಲಿ ಮಾತ್ರ ಇದು ನಡೆಯದು.

ನನ್ನ ತಕರಾರು ಎರೆಯ ಕೊಕ್ಕೆಗಳ ಬಗ್ಗೆ. ಮೂರು ಮೊನೆಯ ಕೊಕ್ಕೆಗಳು ಎರಡು ಇರುತ್ತವೆ. ಬಿಡಿಸುವಾಗ ಮೀನಿಗೆ ಗಾಯ. ಎಕರೆಯಷ್ಟು ಕೊಳದಲ್ಲಿ ದೊಡ್ಡ ಬಾಸ್ ಕೆಲವೇ. ಬ್ಲೂಗಿಲ್ ಮೀನುಗಳನ್ನು ತಿಂದು ಅವು ಮಿತಿಮೀರದಂತೆ ನೋಡಿಕೊಳ್ಳುವುದು ಬಾಸ್. ಅಲಬಾಮದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಈ ಸಮತೋಲವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು. ದೊಡ್ಡ ಬಾಸ್ ಹೋದರೆ ಕೊಳದ ಲೆಕ್ಕವೇ ತಪ್ಪುತ್ತದೆ.

ಆದ್ದರಿಂದ ಆಳದ ಎರೆಯನ್ನೇ ಎಸೆಯಿರಿ. ಅದಕ್ಕೆ ಮೊದಲು ಇಕ್ಕಳದಿಂದ ಕೊಕ್ಕೆಗಳ ಹಿಮ್ಮುಳ್ಳನ್ನು ಒತ್ತಿ ಮಟ್ಟಮಾಡಿ. ಒಂದೆರಡು ಮೀನು ತಪ್ಪಿಸಿಕೊಂಡಾವು; ಕೊಳದಲ್ಲೇ ಇರುತ್ತವಲ್ಲ.