ಹೆಸರೊಂದು, ಬೆಳಕು ಹಲವು

ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳ ಪಾಠವನ್ನು ಓದದೆ ಕನ್ನಡ ಶಾಲೆಯನ್ನು ದಾಟಿದ ವಿದ್ಯಾರ್ಥಿಯಿಲ್ಲ. ಗುಣವನ್ನೋ ವೃತ್ತಿಯನ್ನೋ ಕಂಡು ಇಟ್ಟ ಹೆಸರು ಅನ್ವರ್ಥವೆನಿಸುತ್ತದೆ. ಈ ಒರೆಗಲ್ಲಿನ ಮೇಲೆ ಖಗೋಳಶಾಸ್ತ್ರದ ಕೆಲವು ಹೆಸರುಗಳನ್ನು ತಿಕ್ಕಿ ನೋಡುವುದು ಉಚಿತ. ‘ನೋವಾ’ ಎಂಬ ಲ್ಯಾಟಿನ್ ಶಬ್ದಕ್ಕೆ ಹೊಸತು ಎಂದರ್ಥ. ‘ಸೂಪರ್‌ನೋವಾ’ ಎಂಬುದು ಅದಕ್ಕಿಂತಲೂ ಮಿಗಿಲಾದದ್ದು. ವಾಸ್ತವದಲ್ಲಿ ಅಲ್ಲಿ ಹೊಸದಾಗಿ ಹುಟ್ಟುವ ನಕ್ಷತ್ರವಿಲ್ಲ, ಹಳೆಯ ನಕ್ಷತ್ರವೊಂದರ ಸ್ಫೋಟವಿದೆ. ಇದನ್ನು ‘ಮಹಾನವ್ಯ’ವೆಂದು ಭಾಷಾಂತರಿಸಿದಾಗ ಮೂಲದ ದೋಷವೂ ಕನ್ನಡಕ್ಕೆ ಬಂದಂತಾಯಿತು. ಸೂಪರ್‌ನೋವಾ ಎಂಬುದನ್ನೇ ರೂಢನಾಮವಾಗಿ ಇರಿಸಿಕೊಳ್ಳುವುದು ಮೇಲು.

‘ಶ್ವೇತಕುಬ್ಜ’ವಾದರೋ ಬಹುಮಟ್ಟಿಗೆ ಅನ್ವರ್ಥವೇ. ಇಂಧನ ತೀರಿದ ಸಾಧಾರಣ ನಕ್ಷತ್ರವು ಕುಗ್ಗಿ ಉಳಿಯುವ ರೂಪವದು. 1862ರಲ್ಲಿ ದೂರದರ್ಶಕಕ್ಕೆ ಮೊದಲು ಗೋಚರಿಸಿದ ಲುಬ್ಧಕದ ಒಡನಾಡಿ ಇಂಥದೇ. ಸೂರ್ಯನಷ್ಟು ದ್ರವ್ಯ ಭೂಮಿಯಷ್ಟು ಗಾತ್ರದಲ್ಲಿ ಅಡಕವಾಗಿದೆ. ಇಂಥ ಕಾಯವು ಸೂರ್ಯನ ಸುಮಾರು 1.4ರಷ್ಟು ದ್ರವ್ಯರಾಶಿಯನ್ನು ಮೀರಿ ನಿಲ್ಲಲಾರದೆಂಬ ವಿಚಾರವು 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಗಣಿತದಲ್ಲಿ ಮೊಳೆಯಿತು. ಒಡನಾಡಿಯಿಂದ ದ್ರವ್ಯವನ್ನು ಸೆಳೆದುಕೊಂಡು, ಅಥವಾ ಇನ್ನೊಂದು ಶ್ವೇತಕುಬ್ಜದೊಡನೆ ಬೆರೆತು, ಅದರ ಇಂಗಾಲ ಹೊತ್ತಿಕೊಂಡರೆ ಇಡೀ ಕಾಯ ಸಿಡಿಯುತ್ತದೆ. ಆಗ ಉಂಟಾದ ವಿಕಿರಣಶೀಲ ನಿಕ್ಕೆಲ್ ಕೋಬಾಲ್ಟ್ ಆಗಿ, ಕೋಬಾಲ್ಟ್ ಕಬ್ಬಿಣವಾಗಿ ಪರಿಣಮಿಸುವಾಗಿನ ಶಕ್ತಿಯೇ ವಾರಗಟ್ಟಲೆ ಬೆಳಗುತ್ತದೆ. ‘ಒಂದು-ಎ’ ಎಂದು ವಿದ್ವಾಂಸರು ಕರೆಯುವ ವರ್ಗವಿದು.

ಈ ವರ್ಗಕ್ಕೆ ದೊರೆತ ಮತ್ತೊಂದು ಬಿರುದು ‘ಪ್ರಮಾಣದೀಪ’. ಕಣಕಟ್ಟೆಯ ತೆಂಗಿನ ತೋಟದ ಅಂಚಿನಲ್ಲಿ ನಿಂತವನಿಗೆ ದೂರದ ದಿಬ್ಬದ ಮೇಲೊಂದು ದೀಪ ಕಾಣುತ್ತದೆನ್ನಿ. ಅದರ ನಿಜವಾದ ಪ್ರಕಾಶವೆಷ್ಟೆಂದು ತಿಳಿದಿದ್ದರೆ, ಕಂಡ ಮಸುಕಿನಿಂದಲೇ ದೂರವನ್ನು ಲೆಕ್ಕಹಾಕಬಹುದು. ಈ ನ್ಯಾಯವನ್ನು ಹಿಡಿದೇ 1998ರಲ್ಲಿ ಎರಡು ತಂಡಗಳು ವಿಶ್ವದ ವಿಸ್ತರಣೆ ದಿನೇದಿನೇ ವೇಗಗೊಳ್ಳುತ್ತಿದೆಯೆಂದು ಸಾರಿದವು. 2011ರ ನೊಬೆಲ್ ಪಾರಿತೋಷಕ ಅದಕ್ಕೆ ಸಂದಿತು. ದೀಪವೇ ಪ್ರಮಾಣವಲ್ಲವಾದರೆ ಆ ಲೆಕ್ಕದ ಗತಿಯೇನು?

ಪ್ರಶ್ನೆ ಕೇವಲ ವಾದಕ್ಕಾಗಿ ಹುಟ್ಟಿದ್ದಲ್ಲ. 1991ರ ಒಂದೇ ವರ್ಷದಲ್ಲಿ ಈ ವರ್ಗದ ಎರಡು ಸ್ಫೋಟಗಳು ಕಂಡವು. ಒಂದು ವಾಡಿಕೆಗಿಂತ ಉಜ್ಜ್ವಲ, ಇನ್ನೊಂದು ತೀರ ಮಂಕು. 1993ರಲ್ಲಿ ಮಾರ್ಕ್ ಫಿಲಿಪ್ಸ್ ಎಂಬ ವಿಜ್ಞಾನಿ, ಹೆಚ್ಚು ಬೆಳಗುವುದು ನಿಧಾನವಾಗಿ ಆರುತ್ತದೆ, ಮಂಕಾದುದು ಬೇಗ ಆರುತ್ತದೆ ಎಂಬ ನಿಯಮವನ್ನು ತೋರಿಸಿಕೊಟ್ಟರು. 1998ರ ಲೆಕ್ಕ ನಿಂತಿದ್ದು ಇಂಥ ತಿದ್ದುಪಡಿಯ ಬಲದಿಂದ. ಆದರೂ ಅದಕ್ಕೊಳಪಡದ ಸ್ಫೋಟಗಳಿವೆ. 2005ರಲ್ಲಿ ಕಂಡ ‘2005ಎಚ್‌ಕೆ’ ಎಂಬುದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಡಿ. ಕೆ. ಸಾಹು, ಜಿ. ಸಿ. ಅನುಪಮಾ ಮೊದಲಾದವರು ಜಪಾನಿನ ವಿದ್ವಾಂಸರೊಡಗೂಡಿ ಸುಮಾರು 400 ದಿನಗಳ ಅವಧಿಯಲ್ಲಿ ಪರಿಶೀಲಿಸಿದರು. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸಲಾಗುತ್ತದೆಂಬುದು ಕನ್ನಡಿಗರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ! ಆ ಸ್ಫೋಟ ಮಂದವಾಗಿತ್ತು. ಅದರ ಚೂರುಗಳು ಚಿಮ್ಮಿದ ವೇಗ ವಾಡಿಕೆಯ ಅರ್ಧದಷ್ಟು ಮಾತ್ರ.

ಈ ಭೇದಗಳ ಕಾರಣವನ್ನು ಭೂಮಿಯಿಂದಲೇ ಬಿಡಿಸಲು ವಾಯುಮಂಡಲ ಅಡ್ಡಿ. ಸ್ಫೋಟದ ಮೊದಲ ದಿನಗಳ ಗುಟ್ಟನ್ನು ಹೇಳಬಲ್ಲ ನೇರಳಾತೀತ ಕಿರಣಗಳ ಬಹುಭಾಗವನ್ನು ಓಜೋನ್ ಪದರ ತಡೆಯುತ್ತದೆ. ಆದ್ದರಿಂದಲೇ ಆಕಾಶಕ್ಕೇರಿದ ದೂರದರ್ಶಕಗಳ ಅಗತ್ಯ. 2015ರ ಸೆಪ್ಟೆಂಬರ್ 28ರಂದು ಉಡಾಯಿಸಿದ ಭಾರತದ ಆಸ್ಟ್ರೋಸ್ಯಾಟ್‌ನಲ್ಲಿ ನೇರಳಾತೀತ ದೂರದರ್ಶಕವೊಂದಿದೆ. ಅದನ್ನು ಜೋಡಿಸಿ ಅಣಿಗೊಳಿಸಿದ್ದು ಅದೇ ಹೊಸಕೋಟೆಯ ಆವರಣದಲ್ಲಿ. ಹಬಲ್ ದೂರದರ್ಶಕದ ಕಥೆ ಇನ್ನೂ ಸೋಜಿಗದ್ದು. ‘2012ಜೆಡ್’ ಸಿಡಿಯುವುದಕ್ಕೆ ಮುಂಚೆಯೇ ಆ ಗೆಲಾಕ್ಸಿಯ ಚಿತ್ರಗಳನ್ನು ಅದು ತೆಗೆದಿತ್ತು. ಸ್ಫೋಟದ ಸ್ಥಳದಲ್ಲಿ ಅಂದು ಕಂಡಿದ್ದ ನೀಲಿ ನಕ್ಷತ್ರ ಬೆಳಕೆಲ್ಲ ಇಳಿದ ಮೇಲೂ ಅಳಿದಿರಲಿಲ್ಲ. ಮೊದಲಿಗಿಂತ ಪ್ರಕಾಶವಾಗಿಯೇ ಇತ್ತೆಂದು 2022ರಲ್ಲಿ ವರದಿಯಾಯಿತು. ಶ್ವೇತಕುಬ್ಜವು ಸಂಪೂರ್ಣ ನಾಶವಾಗದೆ ಒಂದಂಶ ಉಳಿದಿರಬಹುದೆಂಬುದು ಒಂದು ಊಹೆ. 2021ರ ಕೊನೆಯಲ್ಲಿ ಹಾರಿದ ವೆಬ್ ದೂರದರ್ಶಕವು ಅತಿಗೆಂಪು ಕಿರಣಗಳಲ್ಲಿ ‘2021ಎಇಎಫ್‌ಎಕ್ಸ್’ ಎಂಬುದರ ಗರ್ಭವನ್ನು ಶೋಧಿಸಿ, ಅಲ್ಲಿ ಕ್ಷಯಿಸದ ನಿಕ್ಕೆಲ್ಲಿನ ಗುರುತನ್ನು ತೋರಿಸಿತು. ತುಂಬ ಸಾಂದ್ರವಾದ ಒಡಲಿನಲ್ಲೇ ಅಂಥ ನಿಕ್ಕೆಲ್ ಹೇರಳವಾಗಿ ಹುಟ್ಟುವುದರಿಂದ, ಸಿಡಿದ ಕಾಯದ ತೂಕವನ್ನು ಅಳೆಯಲು ಅದೊಂದು ಆಧಾರ.

ಇಷ್ಟೆಲ್ಲ ನಡೆದಿದ್ದರೂ, ಎಲ್ಲ ಶ್ವೇತಕುಬ್ಜಗಳೂ 1.4ರ ಗಡಿ ಮುಟ್ಟಿದೊಡನೆ ಸಮಾನ ಬೆಳಕಿನಿಂದ ಸಿಡಿಯುತ್ತವೆಂಬ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಸುವ ಪದ್ಧತಿ ಇನ್ನೂ ಉಳಿದಿರುವುದು ಶೋಚನೀಯ. ವ್ಯಾಕರಣವನ್ನು ಹೀಗೆ ಕಲಿಸಿದರೆ ಯಾರೂ ಒಪ್ಪರು. ಸ್ವರದ ಮುಂದೆ ಸ್ವರ ಬಂದರೆ ಲೋಪವೆಂದು ಕಲಿತ ಹುಡುಗ ‘ಮಾತೆಲ್ಲ’ ಎಂದು ಸರಿಯಾಗಿ ಬರೆದಾನು. ಅರ್ಥ ಕೆಡುವಲ್ಲಿ ಲೋಪವಿಲ್ಲವೆಂದು ಹೇಳದಿದ್ದರೆ ‘ಗುರುವನ್ನು’ ಎಂಬುದನ್ನು ‘ಗುರನ್ನು’ ಎಂದಾನು. ಉತ್ಸರ್ಗದ ಜೊತೆಗೇ ಅಪವಾದವನ್ನು ಹೇಳುವುದು ಶಾಸ್ತ್ರಪಾಠದ ಕ್ರಮ. ಅಪವಾದವಿದೆಯೆಂದ ಮಾತ್ರಕ್ಕೆ ಉತ್ಸರ್ಗ ಬಿದ್ದುಹೋಗುವುದಿಲ್ಲ. ವಿಶ್ವ ವೇಗವಾಗಿ ಹಿಗ್ಗುತ್ತಿದೆಯೆಂಬುದಕ್ಕೂ ಬೇರೆ ಬಗೆಯ ಆಧಾರಗಳು ಅನಂತರ ದೊರೆತಿವೆ. ಆದರೆ ಹಿಗ್ಗುವಿಕೆಯ ಅಳತೆ ಎಷ್ಟು ನಿಖರವಾಗಬೇಕೋ, ದೀಪಗಳ ಭೇದವನ್ನೂ ಅಷ್ಟೇ ನಿಖರವಾಗಿ ಅರಿಯಬೇಕು.

ಮಾಗಿಯ ರಾತ್ರಿಗಳಲ್ಲಿ ಕಣಕಟ್ಟೆಯ ಮಕ್ಕಳಿಗೆ ಲುಬ್ಧಕವನ್ನು ತೋರಿಸಿ, ಬರಿಗಣ್ಣಿಗೆ ಕಾಣದ ಅದರ ಒಡನಾಡಿಯ ವಿಷಯವನ್ನು ತಿಳಿಸಿ, ಮರುದಿನದ ತರಗತಿಯಲ್ಲಿ 1991ರ ಎರಡು ಸ್ಫೋಟಗಳಿಂದಲೇ ಪಾಠವನ್ನು ಆರಂಭಿಸಬಹುದು. ‘ಪ್ರಮಾಣದೀಪ’ವೆಂಬ ಹೆಸರು ಎಷ್ಟರಮಟ್ಟಿಗೆ ಅನ್ವರ್ಥವೆಂದು ಅವರನ್ನೇ ಕೇಳಬಹುದು.