ಫೋನ್ ಅಪ್‌ಡೇಟ್ ಆಗಿದ್ದರೆ ಆ್ಯಪ್ ಅಪ್‌ಡೇಟ್ ಬೇಡವೇ?

"ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯಲ್ಲ, ಆ್ಯಪ್‌ಗಳನ್ನು ಬೇರೆ ಅಪ್‌ಡೇಟ್ ಮಾಡುವುದೇಕೆ? ಸುಮ್ಮನೆ ಡೇಟಾ ದಂಡ!" ಈ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದು ಅರ್ಧ ಮಾತ್ರ ನಿಜ. ಏಕೆಂದು ತಿಳಿಯಲು ಆ್ಯಪ್‌ನ ಒಳಗೆ ಏನಿರುತ್ತದೆ ಎಂದು ನೋಡೋಣ.

ಬುತ್ತಿಯೋ, ಹೋಟೆಲೋ?

ಆ್ಯಪ್ ತಯಾರಿಸುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಫೋಟೋ ತೆರೆಯಲು, ವಿಡಿಯೋ ಓಡಿಸಲು ಬೇರೆಯವರು ಮೊದಲೇ ಬರೆದಿಟ್ಟ ಸಾಫ್ಟ್‌ವೇರ್ ಬಳಸುತ್ತಾರೆ. ಇದಕ್ಕೆ ಲೈಬ್ರರಿ ಎಂದು ಹೆಸರು. ಫೋನಿನಲ್ಲಿರುವ ಒಂದೇ ಲೈಬ್ರರಿಯನ್ನು ಎಲ್ಲ ಆ್ಯಪ್‌ಗಳೂ ಹಂಚಿಕೊಳ್ಳಬಹುದು. ಇದು ದಾರಿಯ ಹೋಟೆಲನ್ನು ನಂಬಿ ಪ್ರಯಾಣ ಹೊರಟಂತೆ. ಇಲ್ಲವೇ ಪ್ರತಿ ಆ್ಯಪ್ ತನ್ನದೇ ಪ್ರತಿಯನ್ನು ಹೊತ್ತು ತರಬಹುದು. ಇದು ಬುತ್ತಿ ಕಟ್ಟಿಕೊಂಡು ಹೊರಟಂತೆ.

ಹೋಟೆಲ್ ನಂಬಿದರೆ ಹೊರೆ ಕಡಿಮೆ. ಆದರೆ ಹೋಟೆಲ್ ಮುಚ್ಚಿದ್ದರೆ ಉಪವಾಸ. ಫೋನಿನ ಒಳಗಿನ ಲೈಬ್ರರಿಗಳು ಕಂಪನಿಯಿಂದ ಕಂಪನಿಗೆ, ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಅವುಗಳನ್ನೇ ನೆಚ್ಚಿಕೊಂಡ ಆ್ಯಪ್‌ಗಳು ಇದ್ದಕ್ಕಿದ್ದಂತೆ ನಿಂತುಹೋಗುತ್ತಿದ್ದವು. ಹಾಗಾಗಿ 2016ರಲ್ಲಿ ಬಂದ ಆಂಡ್ರಾಯ್ಡ್ 7.0ರಿಂದ, ಎಲ್ಲ ಆ್ಯಪ್‌ಗಳಿಗೂ ಮುಕ್ತವೆಂದು ಗೊತ್ತುಮಾಡಿದ ಕೆಲವು ಲೈಬ್ರರಿಗಳನ್ನು ಬಿಟ್ಟು ಉಳಿದವನ್ನು ಆ್ಯಪ್‌ಗಳು ನೇರವಾಗಿ ಮುಟ್ಟದಂತೆ ತಡೆಯಲಾಯಿತು. ಬೇರೇನು ಬೇಕಿದ್ದರೂ ಬುತ್ತಿಯಲ್ಲೇ ತರಬೇಕು.

ಎಪಿಕೆ ಫೈಲ್ ಎಂದರೆ ಇಂಥದೊಂದು ಬುತ್ತಿಗಂಟು. ಅದು ಅಸಲಿಗೆ ಒಂದು ಜಿಪ್ ಫೈಲ್. ಆ್ಯಪ್‌ನ ಚಿತ್ರಗಳು, ಕೋಡ್, ಅದರ ಲೈಬ್ರರಿಗಳು ಎಲ್ಲವೂ ಅದರೊಳಗಿರುತ್ತವೆ. ಆ್ಯಪ್ ಯಾವ ಫೋನಿಗೆ ಹೋದರೂ ತನ್ನ ಲೈಬ್ರರಿಯನ್ನು ತನ್ನ ಜಾಗದಲ್ಲೇ ಹುಡುಕಿಕೊಳ್ಳುತ್ತದೆ. ಆ್ಯಪ್‌ಗಳು ದಪ್ಪಗಿರುವುದಕ್ಕೆ ಇದೂ ಒಂದು ಕಾರಣ. ಒಂದೇ ಲೈಬ್ರರಿಯ ಹತ್ತಾರು ಪ್ರತಿಗಳು ನಿಮ್ಮ ಫೋನಿನಲ್ಲಿರಬಹುದು.

ಬುತ್ತಿ ಹಳಸಿದರೆ?

2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಎಂಬ ಲೈಬ್ರರಿಯಲ್ಲಿ ಗಂಭೀರ ದೋಷವೊಂದು ಬಯಲಾಯಿತು. ವೆಬ್‌ಪಿ ಎಂಬ ಬಗೆಯ ಚಿತ್ರಗಳನ್ನು ತೆರೆಯುವುದು ಇದರ ಕೆಲಸ. ವಾಟ್ಸ್‌ಆ್ಯಪ್ ಸ್ಟಿಕರ್‌ಗಳೂ ಇದೇ ಬಗೆಯವು. ಕುತಂತ್ರದಿಂದ ತಯಾರಿಸಿದ ಒಂದು ಚಿತ್ರ ಪರದೆಯ ಮೇಲೆ ಬಂದರೂ ಸಾಕು, ದಾಳಿಕೋರರಿಗೆ ಒಳದಾರಿ ಸಿಗುವಂತಿತ್ತು. ದೋಷ ಇದ್ದದ್ದು ಒಂದೇ ಲೈಬ್ರರಿಯಲ್ಲಿ. ಆದರೆ ಅದನ್ನು ತಮ್ಮೊಳಗೆ ಕಟ್ಟಿಕೊಂಡಿದ್ದ ಕ್ರೋಮ್, ಫೈರ್‌ಫಾಕ್ಸ್ ಮುಂತಾದವುಗಳೆಲ್ಲ ಬೇರೆಬೇರೆಯಾಗಿ ಅಪ್‌ಡೇಟ್ ಕೊಡಬೇಕಾಯಿತು.

ಹೋಟೆಲ್ ಸಾರು ಕೆಟ್ಟರೆ ಅಡುಗೆಯವರು ಒಮ್ಮೆ ಬದಲಿಸಿದರೆ ಎಲ್ಲರಿಗೂ ಒಳ್ಳೆಯದೇ ಸಿಗುತ್ತದೆ. ಬುತ್ತಿ ಕೆಟ್ಟರೆ ಅವರವರದನ್ನು ಅವರವರೇ ಬದಲಿಸಬೇಕು. ಫೋನಿನ ಅಪ್‌ಡೇಟ್ ಹಂಚಿಕೊಂಡ ಲೈಬ್ರರಿಯನ್ನು ಸರಿಪಡಿಸುತ್ತದೆ. ಆ್ಯಪ್‌ನೊಳಗಿನ ಹಳೆಯ ಪ್ರತಿ ಹಾಗೆಯೇ ಉಳಿಯುತ್ತದೆ.

ನಾವೇನು ಮಾಡಬೇಕು?

ಪ್ಲೇ ಸ್ಟೋರ್‌ನಲ್ಲಿ ಆಟೊ ಅಪ್‌ಡೇಟ್ ಆನ್ ಇರಲಿ. ಡೇಟಾ ಉಳಿಸಬೇಕಿದ್ದರೆ ವೈಫೈನಲ್ಲಿ ಮಾತ್ರ ಎಂದು ಆಯ್ದುಕೊಳ್ಳಿ. ಬಳಸದ ಆ್ಯಪ್‌ಗಳನ್ನು ತೆಗೆದುಹಾಕಿ. ಗ್ರೂಪಿನಲ್ಲಿ ಫಾರ್ವರ್ಡ್ ಆಗಿ ಬಂದ ಎಪಿಕೆ ಮಾತ್ರ ಬೇಡವೇ ಬೇಡ. ಆ ಬುತ್ತಿ ಕಟ್ಟಿದವರು ಯಾರೋ, ಯಾವಾಗಲೋ. ಕೆಟ್ಟರೆ ಬದಲಿಸಿಕೊಡುವವರು ಯಾರೂ ಇರುವುದಿಲ್ಲ.