ಜಾಣ್ಮೆ ಆಟದ್ದು, ಅದೃಷ್ಟ ನಾಣ್ಯದ್ದು

“ಇದು ಜೂಜಲ್ಲ, ಜಾಣ್ಮೆಯ ಆಟ” ಎಂಬ ಮಾತು ದಾವಣಗೆರೆ, ಹರಿಹರಗಳ ಮನೆಗಳಲ್ಲಿಯೂ ತರುಣರ ಬಾಯಿಂದ ಕೇಳಿಬರುವ ಕಾಲವಿದು. ಕೈಯಲ್ಲಿ ಮೊಬೈಲು, ಅದರೊಳಗೆ ಕಾದಾಡುವ ಬೊಂಬೆಗಳು, ಗೆದ್ದವನಿಗೆ ಬರಿಯ ಅಂಕೆಯ ರೂಪದ ನಾಣ್ಯ. ಅದನ್ನು ಮಾರಿದರೆ ಹಣ. ಬ್ಲಾಕ್‌ಚೈನ್ ಆಟಗಳೆಂದು ಇವಕ್ಕೆ ಹೆಸರು. ಹಿರಿಯರು ಗದರಿಸಿದರೆ ಹುಡುಗನು ಮೊಬೈಲನ್ನು ಮರೆಮಾಡಿಯಾನೇ ಹೊರತು ಮಾತನ್ನು ಒಪ್ಪಲಾರನು. ಅವನ ವಾದವನ್ನೇ ಕೈಗೆತ್ತಿಕೊಂಡು ಪರೀಕ್ಷಿಸುವುದು ಮೇಲೆಂದು ನಾವು ಬಗೆಯುತ್ತೇವೆ.

ಆಟದಲ್ಲಿ ಜಾಣ್ಮೆಯೇ ಇಲ್ಲವೆನ್ನುವುದು ಅಸತ್ಯ. ದ್ಯೂತವನ್ನು ನಿಂದಿಸಿದ ಪ್ರಾಚೀನರೇ ಅದರಲ್ಲೊಂದು ವಿದ್ಯೆಯುಂಟೆಂದು ಒಪ್ಪಿದ್ದರು. ಮಹಾಭಾರತದ ನಳನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತ ಬಳಿಕವೇ ಪುಷ್ಕರನೊಡನೆ ಮರಳಿ ಆಡಿ ಕಳೆದ ರಾಜ್ಯವನ್ನು ಗೆದ್ದನು. ನಮ್ಮ ನ್ಯಾಯಾಲಯಗಳೂ ಈ ಭೇದವನ್ನು ಮನ್ನಿಸಿವೆ. ಗೆಲವು ಬಹುಮಟ್ಟಿಗೆ ಜಾಣ್ಮೆಯನ್ನು ಅವಲಂಬಿಸಿದ ಸ್ಪರ್ಧೆ ಜೂಜಲ್ಲವೆಂದು 1957ರಲ್ಲಿಯೂ, ರಮ್ಮಿಯಲ್ಲಿ ಜಾಣ್ಮೆಯೇ ಹೆಚ್ಚೆಂದು 1967ರಲ್ಲಿಯೂ ಸುಪ್ರೀಂ ಕೋರ್ಟು ಹೇಳಿತು. ಪಣವಿಟ್ಟಾಡುವ ಜಾಣ್ಮೆಯ ಆಟಗಳನ್ನೂ ನಿಷೇಧದೊಳಗೆ ಸೇರಿಸಿದ ಕರ್ನಾಟಕದ 2021ರ ಕಾಯಿದೆಯ ವಿಧಿಗಳನ್ನು ನಮ್ಮ ಹೈಕೋರ್ಟು 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು. ತರುಣನ ಮಾತು ಹೀಗೆ ಆಧಾರವಿಲ್ಲದ್ದಲ್ಲ.

ಆದರೆ ವಿಚಾರಿಸತಕ್ಕದ್ದು ಜಾಣ್ಮೆ ಉಂಟೇ ಇಲ್ಲವೇ ಎಂಬುದನ್ನಲ್ಲ. ಅದರ ಆಳ್ವಿಕೆ ಎಲ್ಲಿಯವರೆಗೆ ಎಂಬುದನ್ನು. ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ಹತ್ತಿಯ ದೃಷ್ಟಾಂತವೇ ಸಾಕು. ಅರಳೆಯ ಎಳೆಯನ್ನು ಬೆರಳಿನಲ್ಲಿ ಎಳೆದುನೋಡಿ ಬೆಲೆ ಕಟ್ಟುವ ವ್ಯಾಪಾರಿಯದು ಜಾಣ್ಮೆ. ಅದೇ ಹತ್ತಿಗೆ ನ್ಯೂಯಾರ್ಕಿನ ಪೇಟೆಯಲ್ಲಿ ನಡೆದ ಮೊದಲ ಮತ್ತು ಕಡೆಯ ಧಾರಣೆಯ ಅಂಕೆಗಳ ಮೇಲೆ ಮುಂಬಯಿಯಲ್ಲಿ ಪಣ ಕಟ್ಟುವವರಿದ್ದರು. 1961ರಲ್ಲಿ ಆ ಧಾರಣೆ ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿಯೆತ್ತುವ ಪದ್ಧತಿ ಬಂದು, ಆಟಕ್ಕೆ ಮಟ್ಕಾ ಎಂಬ ಹೆಸರು ನಿಂತಿತು. ಹತ್ತಿ ಎರಡು ಕಡೆಯೂ ಒಂದೇ. ಒಬ್ಬನು ವಸ್ತುವನ್ನು ಬಲ್ಲನು. ಇನ್ನೊಬ್ಬನು ಅಂಕೆಯನ್ನು ಊಹಿಸುವನು. ಊಹಿಸುವವನಿಗೆ ಹತ್ತಿಯ ಜ್ಞಾನವೆಷ್ಟಿದ್ದರೇನು?

ಹೊಸ ಆಟಗಳಲ್ಲಿ ಈ ಇಬ್ಬರೂ ಒಬ್ಬನೇ ಆಗಿರುತ್ತಾನೆ. ಮೋಹದ ಮೂಲವೇ ಅದು. ಬ್ಲಾಕ್‌ಚೈನ್ ಎಂದರೆ ಒಬ್ಬ ಶಾನುಭೋಗನ ವಶದಲ್ಲಿರದೆ ಅನೇಕ ಗಣಕಯಂತ್ರಗಳಲ್ಲಿ ಒಮ್ಮೆಗೇ ಬರೆಯಲ್ಪಡುವ ಲೆಕ್ಕದ ಖಾತೆ. ಅದರಲ್ಲಿ ಬರೆದದ್ದನ್ನು ಒಬ್ಬನೇ ಗುಟ್ಟಾಗಿ ತಿದ್ದುವುದು ಬಲು ಕಷ್ಟ. ಇಂಥ ನಾಣ್ಯ ಇಂಥವನದೆಂಬುದಕ್ಕೆ ಅದು ಸಾಕ್ಷಿ ಹೇಳೀತು. ನಾಳೆ ಅದರ ಬೆಲೆಯೆಷ್ಟೆಂದು ಹೇಳಲಾರದು. ವಿಯೆಟ್ನಾಮಿನ ಸಂಸ್ಥೆಯೊಂದು ನಿರ್ಮಿಸಿದ ಆಕ್ಸಿ ಇನ್‌ಫಿನಿಟಿ ಎಂಬ ಆಟವನ್ನು ನೋಡಿರಿ. ರೋಗದ ಭಯದಿಂದ ಕೆಲಸಗಳು ನಿಂತಿದ್ದ 2021ರಲ್ಲಿ ಫಿಲಿಪೈನ್ಸಿನ ಅನೇಕರು ಇದನ್ನೇ ಜೀವನೋಪಾಯವಾಗಿ ಹಿಡಿದರು. ಆಟ ಜಾಣ್ಮೆಯದೇ. ಆದರೆ ಆ ವರ್ಷದ ನಡುವೆ 30 ಸೆಂಟಿಗೂ ಮೇಲೆ ಏರಿದ್ದ ಅದರ ನಾಣ್ಯ 2022ರ ಕೊನೆಗೆ ಒಂದು ಸೆಂಟಿಗೂ ಕೆಳಗಿಳಿಯಿತು. ಸಾಲದೆಂಬಂತೆ 2022ರ ಮಾರ್ಚಿಯಲ್ಲಿ ಕಳ್ಳರು ಅದರ ಹಣಸಾಗಣೆಯ ಸೇತುವೆಯಿಂದ 60 ಕೋಟಿ ಡಾಲರಿಗೂ ಮಿಕ್ಕ ಮೊತ್ತವನ್ನು ಅಪಹರಿಸಿದರು. ಆಡುವವರ ಕೈಚಳಕ ಕುಂದಲಿಲ್ಲ. ಗೆದ್ದದ್ದರ ಬೆಲೆ ಕುಂದಿತು. ನಳನ ವಿದ್ಯೆ ಫಲಿಸಿದ್ದು, ಪಣವಾಗಿದ್ದ ರಾಜ್ಯವು ರಾಜ್ಯವಾಗಿಯೇ ಉಳಿದಿದ್ದರಿಂದ. ಗೆದ್ದ ಮರುದಿನ ರಾಜ್ಯವೇ ಹಿತ್ತಿಲಷ್ಟಾದರೆ ಅಕ್ಷಹೃದಯವು ಮಾಡುವುದೇನು?

“ನಮ್ಮ ರೈತನ ಮೆಕ್ಕೆಜೋಳದ ಬೆಲೆಯೂ ಹೀಗೆಯೇ ಬೀಳುವುದಿಲ್ಲವೇ?” ಎಂದು ತರುಣನು ಕೇಳಿಯಾನು. ಬೀಳುತ್ತದೆ, ನಿಜ. ಆದರೆ ಬೆಲೆ ಬಿದ್ದ ಜೋಳವನ್ನೂ ಕೋಳಿ ತಿನ್ನುತ್ತದೆ, ದನ ತಿನ್ನುತ್ತದೆ. ಆಟದ ನಾಣ್ಯಕ್ಕೆ, ಬೆಲೆ ಏರೀತೆಂದು ನಂಬಿ ಬರುವ ಮತ್ತೊಬ್ಬನ ಹೊರತು ಬೇರೆ ಗಿರಾಕಿಯಿಲ್ಲವೆಂದರೂ ಸಲ್ಲುತ್ತದೆ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರುವಾಸಿಯಾಗಿತ್ತು, ಅದೂ ಮುಚ್ಚಿತು. ಅಲ್ಲಿ ಕೆಲಸಗಾರರಿಗಾದ ಕಷ್ಟ ಸಣ್ಣದಲ್ಲ. ಆದರೂ ಲೇತಿನ ಕೆಲಸ ಕೈಯಲ್ಲಿದ್ದವನು ಇನ್ನೊಂದು ಲೇತಿನ ಮುಂದೆ ನಿಲ್ಲಬಲ್ಲನು. ಆಟ ಮುಚ್ಚಿದರೆ ಅದರ ಬೊಂಬೆಗಳ ಜಾಣ್ಮೆಯನ್ನು ಯಾವ ಬಾಗಿಲಿಗೆ ಒಯ್ಯುವುದು?

2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಮಾಡಿದ ಆನ್‌ಲೈನ್ ಆಟಗಳ ಕಾಯಿದೆ ಈ ಹಳೆಯ ತರ್ಕವನ್ನೇ ಬದಿಗಿಟ್ಟಿತು. ಜಾಣ್ಮೆಯಿರಲಿ, ಅದೃಷ್ಟವಿರಲಿ, ಎರಡೂ ಕೂಡಿರಲಿ, ಗೆದ್ದು ಧನ ಪಡೆಯುವ ಆಶೆಯಿಂದ ಪಣವಿಟ್ಟಾಡಿಸುವ ಆಟವನ್ನು ಅದು ನಿಷೇಧಿಸುತ್ತದೆ. ಹಣ ಕೊಟ್ಟು ಕೊಂಡ, ಹಣಕ್ಕೆ ಸಮನಾದ ನಾಣ್ಯ, ಟೋಕನುಗಳನ್ನೂ ಪಣವೆಂದೇ ಎಣಿಸುತ್ತದೆ. ಶಿಕ್ಷೆ ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ, ಆಡಿ ಕಳೆದುಕೊಂಡವನಿಗಲ್ಲ. ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳು ಅದೇ ವರ್ಷ ಸುಪ್ರೀಂ ಕೋರ್ಟಿಗೆ ವರ್ಗವಾದುವು. ಕಳೆದುಕೊಂಡ ಮಗನಿಗೆ ದಂಡವಿಲ್ಲವೆಂಬುದನ್ನು ತಾಯಿತಂದೆಗಳು ಮುಖ್ಯವಾಗಿ ತಿಳಿದಿರಬೇಕು. ಭಯದಿಂದ ಮುಚ್ಚಿಟ್ಟ ಸಾಲವೇ ಮನೆಯನ್ನು ಮುಳುಗಿಸತಕ್ಕದ್ದು.

ಗೃಹಸ್ಥರು ಮಗನನ್ನು ಹತ್ತಿರ ಕೂರಿಸಿಕೊಂಡು ಒಂದೇ ಪ್ರಶ್ನೆಯನ್ನು ಕೇಳಲಿ: “ಅಪ್ಪಾ, ಈ ನಾಣ್ಯಕ್ಕೆ ನಾಳೆಯಿಂದ ಕಾಸಿನ ಬೆಲೆಯೂ ಇಲ್ಲವೆಂದರೆ ನೀನು ಈ ಆಟವನ್ನು ಆಡುವೆಯಾ?” ಆಡುವೆನೆಂದರೆ ಅವನು ಆಟಗಾರ, ಚದುರಂಗದ ಮಣೆಯೊಂದನ್ನು ತಂದುಕೊಟ್ಟು ನೀವೂ ಎದುರು ಕುಳಿತುಕೊಳ್ಳಿರಿ. ಉತ್ತರ ಬರಲು ತಡವಾದರೆ ಕೋಪಿಸಬೇಡಿರಿ. ಎಷ್ಟು ಹಣ ಹೋಗಿದೆಯೆಂದು ಮೆಲ್ಲನೆ ಕೇಳಿರಿ.